ಲೈಕೊಪೀನ್ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ ಲೈಕೊಪೀನ್,
ಸಿಪ್ಪೆಯ ಒಳಮಗ್ಗುಲು, ಮಾಗಿದ ಟೊಮ್ಯಾಟೊ.
(ಶಾಖೆಗಳು: ಕಲ್ಲಂಗಡಿ, ಕೆಂಪು ತಿರುಳಿನ ಸೀಬೆ, ಪರಂಗಿ)

ಮಾನ್ಯರೇ,

ಮೊದಲಿಗೆ ಅಭಿನಂದನೆಗಳು. ಏನೂ ಮಾಡದೆ ಹೆಸರು ಮಾಡಿದವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಏನೋ ಒಂದಿಷ್ಟು ಮಾಡಿರಬಹುದು, ಆದರೆ ಅದು ಏನು ಎಂದು ಮೂವತ್ತು ವರ್ಷ ಹುಡುಕಿದರೂ ಯಾರೂ ಖಚಿತವಾಗಿ ಹೇಳಲಾರರು, ಅಷ್ಟಾದರೂ ಹೆಸರಿಗೆ ಚೂರೂ ಮುಕ್ಕಾಗಿಲ್ಲ ಎಂಬಂಥವರು ಮಾತ್ರ ಅಪರೂಪ. ಔಷಧಿ ಅಂಗಡಿಯ ಗಾಜಿನ ಹಿಂದೆ ನಿಮ್ಮ ಹೆಸರು ದಪ್ಪಕ್ಷರದಲ್ಲಿದೆ. ಮುಖಕ್ಕೆ ಹಚ್ಚುವ ಕ್ರೀಮಿನ ಮೇಲೂ ಇದೆ. ಬೆಳಗಿನ ವಾಕಿಂಗಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಬಗ್ಗೆ ದನಿ ತಗ್ಗಿಸಿ ಮಾತಾಡುವ ನಿವೃತ್ತರು ನಿಮ್ಮ ಹೆಸರು ಬಂದ ಕೂಡಲೇ ದನಿ ಏರಿಸುತ್ತಾರೆ. ಹೃದಯ, ಚರ್ಮ, ಕಣ್ಣು, ಮೂಳೆ, ಗಂಡಸುತನ, ಹೀಗೆ ನೀವು ಕೈಯಾಡಿಸದ ಖಾತೆಯೇ ಇಲ್ಲ. ಇಷ್ಟೊಂದು ಖಾತೆಗಳನ್ನು ಒಬ್ಬರೇ ನಿಭಾಯಿಸುತ್ತಿರುವಾಗ ಒಂದೆರಡು ಲೆಕ್ಕ ಕೇಳುವುದು ಪ್ರಜೆಯ ಹಕ್ಕಲ್ಲವೇ? ಅದಕ್ಕೇ ಈ ಪತ್ರ.

ನಿಮ್ಮ ಪೂರ್ವಾಪರ ತಿಳಿಯದೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. 40 ಇಂಗಾಲ, 56 ಜಲಜನಕ, ಇಷ್ಟೇ ನಿಮ್ಮ ಸ್ಥಿರಾಸ್ತಿ. 1873ರಲ್ಲಿ ಹಾರ್ಟ್ಸೆನ್ ಎಂಬಾತ ನಿಮ್ಮನ್ನು ಮೊದಲು ಬೇರ್ಪಡಿಸಿದ್ದು ಟೊಮ್ಯಾಟೊದಿಂದಲ್ಲ, ಯುರೋಪಿನ ಬೇಲಿಸಾಲಿನಲ್ಲಿ ಹಬ್ಬುವ ಒಂದು ಬಳ್ಳಿಯ ವಿಷದ ಹಣ್ಣಿನಿಂದ. ಈ ಸಂಗತಿಯನ್ನು ಯಾವ ಸಿರಪ್ಪಿನ ಡಬ್ಬಿಯ ಮೇಲೂ ಯಾರೂ ಅಚ್ಚು ಹಾಕಿಸಿಲ್ಲ. ಎರಡು ವರ್ಷ ಕಳೆದು ಮಿಲಾರ್ಡೆ ಟೊಮ್ಯಾಟೊದಲ್ಲಿ ನಿಮ್ಮನ್ನು ಕಂಡ. 1903ರಲ್ಲಿ ಶುಂಕ್ ನಾಮಕರಣ ಮಾಡಿದ. 1910ರಲ್ಲಿ ವಿಲ್‌ಸ್ಟೇಟರ್ ಮತ್ತು ಎಷರ್ ನಿಮ್ಮ ಸೂತ್ರ ಬರೆದಾಗ ಗೊತ್ತಾಯಿತು, ಕ್ಯಾರೆಟ್ಟಿನ ಬೀಟಾ ಕ್ಯಾರೋಟೀನ್‌ಗೂ ಅದೇ ಸೂತ್ರ, ಅಂದರೆ ಆಕೆ ನಿಮ್ಮ ಒಡಹುಟ್ಟಿದವಳು. ಆಕೆಯ ಎರಡೂ ತುದಿಗಳು ಉಂಗುರವಾಗಿ ಸುತ್ತಿಕೊಂಡಿವೆ, ನೀವು ಉದ್ದಕ್ಕೆ ಕಾಲು ಚಾಚಿಕೊಂಡಿದ್ದೀರಿ. ಆ ಉಂಗುರ ಇರುವುದರಿಂದ ನಮ್ಮ ದೇಹ ಆಕೆಯನ್ನು ಮುರಿದು ಎ ವಿಟಮಿನ್ ಮಾಡಿಕೊಳ್ಳುತ್ತದೆ. ನಿಮ್ಮಿಂದ ಆ ಉಪಕಾರವೂ ಇಲ್ಲ. ನಿಮ್ಮದೇನಿದ್ದರೂ ಬಣ್ಣದ ಬದುಕು. ಒಂದು ಬಿಟ್ಟು ಒಂದರಂತೆ ಸಾಲಾಗಿ ನಿಂತ ಹನ್ನೊಂದು ದ್ವಿಬಂಧಗಳು ನೀಲಿ, ಹಸಿರು ಬೆಳಕನ್ನು ನುಂಗಿ ಕೆಂಪನ್ನು ನಮ್ಮ ಕಡೆಗೆ ಬಿಡುತ್ತವೆ.

ಗಿಡದ ಮಟ್ಟಿಗೂ ನೀವು ಅಂಥ ದೊಡ್ಡ ಮನುಷ್ಯರಲ್ಲ. ಎಲೆಯಲ್ಲಿ ನೀವು ಹುಟ್ಟಿದ ಕೂಡಲೇ ಒಂದು ಕಿಣ್ವ ಬಂದು ತುದಿಗಳನ್ನು ಸುತ್ತಿ ಬೇರೆಯವರನ್ನಾಗಿ ಮಾಡಿಬಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಆ ಕಡುಗೆಂಪು ಕೊಡುವ ಕ್ಯಾಪ್ಸಾಂಥಿನ್ ಕೂಡ ನಿಮ್ಮನ್ನು ಹಾದೇ ತಯಾರಾಗುವುದು, ಆದರೆ ಅಲ್ಲಿ ನಿಮ್ಮನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ಟೊಮ್ಯಾಟೊ ಮಾಗುವಾಗ ಮಾತ್ರ ಆ ಕಿಣ್ವ ಕೈಕಟ್ಟಿ ಕೂರುತ್ತದೆ, ಮೇಲಿನ ಮೇಜಿಗೆ ಹೋಗಬೇಕಾದ ಕಡತಗಳ ಹಾಗೆ ನೀವು ಅಲ್ಲೇ ರಾಶಿ ಬೀಳುತ್ತೀರಿ. ಅದನ್ನೇ ನಾವು ‘ಹಣ್ಣಾಯಿತು’ ಎನ್ನುತ್ತೇವೆ. ಬೀಜ ಬಲಿತಿದೆ, ಬಂದು ತಿಂದು ದೂರ ಒಯ್ದು ಹಾಕು ಎಂದು ಹಕ್ಕಿಗೋ ಪ್ರಾಣಿಗೋ ಕಣ್ಣು ಮಿಟುಕಿಸುವುದು ಆ ಕೆಂಪಿನ ಕೆಲಸ. ನಿವೃತ್ತರ ಪ್ರಾಸ್ಟೇಟ್ ಗಿಡದ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಆ ಕೆಲಸವನ್ನಾದರೂ ನೆಟ್ಟಗೆ ಮಾಡುತ್ತೀರಾ? ಹವೆ 32 ಡಿಗ್ರಿ ದಾಟಿತೆಂದರೆ ನಿಮ್ಮ ಉತ್ಪಾದನೆ ಕುಸಿಯುತ್ತದೆ, ಸೋದರಿ ಮಾತ್ರ ತನ್ನ ಪಾಡಿಗೆ ತಾನು ದುಡಿಯುತ್ತಿರುತ್ತಾಳೆ. ಏಪ್ರಿಲ್ ಬಿಸಿಲಿಗೆ ಹಣ್ಣು ಕೆಂಪೇರದೆ ಕಿತ್ತಳೆ ಬಣ್ಣಕ್ಕೇ ನಿಂತುಬಿಟ್ಟಿತೆಂದು ರೈತ ಗೊಣಗುವುದು ನಿಮ್ಮ ಈ ಬೇಸಿಗೆ ರಜೆಯ ದೆಸೆಯಿಂದ.

ಇಂಥ ತಮಗೆ ಕೀರ್ತಿ ಒಲಿದ ಬಗೆ ಹೇಗೆ ಎಂದು ಹುಡುಕಿದರೆ 1989ಕ್ಕೆ ಹೋಗಬೇಕಾಗುತ್ತದೆ. ಡಿ ಮಾಸ್ಕಿಯೊ, ಕೈಸರ್ ಮತ್ತು ಸೀಸ್ ಎಂಬ ಮೂವರು ವಿಜ್ಞಾನಿಗಳು, ಸಿಂಗ್ಲೆಟ್ ಆಕ್ಸಿಜನ್ ಎಂಬ ಪುಂಡ ಆಮ್ಲಜನಕವನ್ನು ಅಡಗಿಸುವುದರಲ್ಲಿ ಕ್ಯಾರೋಟಿನಾಯ್ಡ್ ಕುಲದಲ್ಲೇ ನಿಮ್ಮನ್ನು ಮೀರಿಸುವವರಿಲ್ಲ ಎಂದು ತೋರಿಸಿದರು. ತೋರಿಸಿದ್ದು ಗಾಜಿನ ಕೊಳವೆಯಲ್ಲಿ. ಆ ಪರಾಕ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೈಯೊಳಗೆ ರಕ್ತ, ಯಕೃತ್ತು, ಕರುಳು, ನೂರೆಂಟು ಕಿಣ್ವಗಳು ಇರುತ್ತವೆ, ಕೊಳವೆಯಲ್ಲಿ ಎದುರಾಳಿ ಒಬ್ಬನೇ ಇದ್ದ.

ಆರು ವರ್ಷ ಬಿಟ್ಟು ನಿಮಗೆ ನಿಜವಾದ ಪಟ್ಟಾಭಿಷೇಕವಾಯಿತು. ಹಾರ್ವರ್ಡ್‌ನ ಜಿಯೊವನುಚ್ಚಿ ಮತ್ತು ಸಂಗಡಿಗರು ಅಮೆರಿಕದ ಆರೋಗ್ಯ ಕ್ಷೇತ್ರದ ಸುಮಾರು 48,000 ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಏನು ತಿಂದಿರಿ ಎಂದು ಕೇಳಿ, ಯಾರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತೆಂದು ಲೆಕ್ಕ ಹಾಕಿ 1995ರಲ್ಲಿ ಪ್ರಕಟಿಸಿದರು. ವಾರಕ್ಕೆ ಹತ್ತು ಸಲಕ್ಕಿಂತ ಹೆಚ್ಚು ಟೊಮ್ಯಾಟೊ ಬಾಬತ್ತು ತಿಂದವರಲ್ಲಿ ಅಪಾಯ ಶೇ 35ರಷ್ಟು ಕಡಿಮೆ ಕಂಡಿತ್ತು. ಜಗತ್ತಿನ ಪತ್ರಿಕೆಗಳಿಗೆ ಅಷ್ಟು ಸಾಕಾಯಿತು, ನಿಮಗೂ ಸಾಕಾಯಿತು. ಆ ಲೇಖನವನ್ನು ಇನ್ನೊಂದು ಸಾಲು ಮುಂದಕ್ಕೆ ಓದಿದ್ದರೆ ಒಂದು ತಮಾಷೆ ಸಿಗುತ್ತಿತ್ತು. ಅವರು ಪರಿಶೀಲಿಸಿದ 46 ಬಗೆಯ ಹಣ್ಣು, ತರಕಾರಿ, ತಿನಿಸುಗಳಲ್ಲಿ ಎದ್ದು ಕಂಡದ್ದು ನಾಲ್ಕು: ಟೊಮ್ಯಾಟೊ ಸಾಸ್, ಟೊಮ್ಯಾಟೊ, ಪಿಜ್ಜಾ, ಮತ್ತು ಸ್ಟ್ರಾಬೆರಿ. ಮೊದಲ ಮೂರರಲ್ಲಿ ನೀವಿದ್ದಿರಿ. ಸ್ಟ್ರಾಬೆರಿಯ ಕೆಂಪಿಗೂ ನಿಮಗೂ ಸಂಬಂಧವೇ ಇಲ್ಲ, ಅದು ಆಂಥೊಸಯನಿನ್ ಎಂಬ ಬೇರೆ ಮನೆತನದ ಬಣ್ಣ. ನಾಲ್ವರು ಒಟ್ಟಿಗೆ ಪಾಸಾದರು, ಮೆರವಣಿಗೆ ನಿಮ್ಮೊಬ್ಬರದು. ಪಿಜ್ಜಾವನ್ನೂ ಯಾರೂ ಔಷಧಿ ಎಂದು ಬರೆದುಕೊಡಲಿಲ್ಲ, ಪಾಪ.

2007ರಲ್ಲಿ ಅಮೆರಿಕದ್ದೇ ಇನ್ನೊಂದು ದೊಡ್ಡ ತಂಡ, ಏನು ತಿಂದಿರಿ ಎಂದು ಕೇಳುತ್ತಾ ಕೂರದೆ ನೇರವಾಗಿ ರಕ್ತದಲ್ಲೇ ನಿಮ್ಮನ್ನು ಅಳೆದು ನೋಡಿತು. ನಿಮ್ಮ ಮಟ್ಟಕ್ಕೂ ಪ್ರಾಸ್ಟೇಟ್ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಈ ಸುದ್ದಿ ಬಂದ ಪತ್ರಿಕೆಯನ್ನು ನಮ್ಮ ಔಷಧಿ ಅಂಗಡಿಗಳು ತರಿಸುವುದಿಲ್ಲವೆಂದು ಕಾಣುತ್ತದೆ.

ಸರ್ಕಾರಿ ಕಚೇರಿಗಳು ನಿಮ್ಮನ್ನು ನಡೆಸಿಕೊಂಡ ರೀತಿಯಂತೂ ನನಗೇ ಸಂಕಟ ತಂದಿತು. ಲೈಕೊಪೀನ್ ಕ್ಯಾನ್ಸರ್ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆಯಲು ಅಪ್ಪಣೆ ಕೋರಿ ನಿಮ್ಮ ಕಡೆಯವರು ಅರ್ಜಿ ಹಾಕಿದ್ದರು. 2005ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದನ್ನು ತಿರಸ್ಕರಿಸಿತು. ಟೊಮ್ಯಾಟೊ ಮತ್ತು ಅದರ ಸಾಸಿನ ಬಗ್ಗೆ ಒಂದು ಮಾತು ಬರೆದುಕೊಳ್ಳಲು ಬಿಟ್ಟಿತು, ಆದರೆ ಅದೇ ವಾಕ್ಯದ ಬಾಲಕ್ಕೆ ‘ಇದಕ್ಕೆ ಆಧಾರ ಬಹಳ ಕಡಿಮೆ’ ಎಂಬರ್ಥದ ಮಾತನ್ನೂ ಕಟ್ಟಿತು. ಹೊಗಳಿಕೆಯೊಳಗೇ ತೆಗಳಿಕೆ ಸೇರಿಸುವ ಈ ಕಲೆಯನ್ನು ನಮ್ಮ ಪುಸ್ತಕ ವಿಮರ್ಶಕರು ನೋಡಿ ಕಲಿಯಬೇಕು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇನ್ನೂ ಕಠಿಣ. ಬಿಸಿಲಿನಿಂದ ಚರ್ಮದ ರಕ್ಷಣೆ, ಹೃದಯ, ಕಣ್ಣು ಎಂದು ನಿಮ್ಮ ಹೆಸರಿನಲ್ಲಿ ಬಂದ ಬೇಡಿಕೆಗಳ ಕಂತೆಯನ್ನು 2011ರಲ್ಲಿ ಒಟ್ಟಿಗೆ ವಾಪಸ್ಸು ಕಳಿಸಿತು. ಅದಕ್ಕಿಂತ ಎರಡು ವರ್ಷ ಮೊದಲು ಅದೇ ಪ್ರಾಧಿಕಾರ ಟೊಮ್ಯಾಟೊದ ಒಂದು ಸಾರಕ್ಕೆ, ರಕ್ತದ ಕಿರುಬಿಲ್ಲೆಗಳು ಅಂಟಿಕೊಳ್ಳದೆ ಹರಿಯಲು ನೆರವಾಗುತ್ತದೆ ಎಂದು ಒಪ್ಪಿಗೆ ಕೊಟ್ಟಿತ್ತು. ಯಾವ ಸಾರ ಗೊತ್ತೇ? ನೀರಿನಲ್ಲಿ ಕರಗುವ ಅಂಶದ್ದು. ತಾವು ಎಣ್ಣೆಗೆ ಮಾತ್ರ ಒಲಿಯುವವರು, ನೀರಿಗೆ ಇಳಿದವರೇ ಅಲ್ಲ. ಅಂದರೆ ನಿಮ್ಮನ್ನು ಆಚೆಗಿಟ್ಟ ಮೇಲೆ ಉಳಿದ ಬಣ್ಣವಿಲ್ಲದ, ಹೆಸರೂ ಇಲ್ಲದ ಜನರಿಗೆ ಸಿಕ್ಕಿತು ಮುದ್ರೆ.

ನಿಮ್ಮ ಪರವಾಗಿ ಏನೂ ಇಲ್ಲವೆಂದು ನಾನು ಹೇಳಿದರೆ ಅದು ಅನ್ಯಾಯವಾದೀತು. ಫಿನ್ಲೆಂಡಿನಲ್ಲಿ 1,031 ಗಂಡಸರನ್ನು ಹನ್ನೆರಡು ವರ್ಷ ಗಮನಿಸಿದವರು, ರಕ್ತದಲ್ಲಿ ನೀವು ಹೆಚ್ಚಿದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಅರ್ಧಕ್ಕಿಂತ ಕಡಿಮೆ ಇತ್ತೆಂದು 2012ರಲ್ಲಿ ಬರೆದರು. ಅಂಥ ಗಂಡಸರು ಸೊಪ್ಪು ತರಕಾರಿಯನ್ನೂ ಚೆನ್ನಾಗಿ ತಿನ್ನುವವರೇ ಆಗಿರಬಹುದು ಎಂಬ ಅನುಮಾನ ಇಂಥ ಎಲ್ಲ ಅಧ್ಯಯನಗಳ ಬೆನ್ನಿಗೂ ಇದ್ದೇ ಇರುತ್ತದೆ. ಜರ್ಮನಿಯಲ್ಲಿ ದಿನಕ್ಕೆ 40 ಗ್ರಾಂ ಟೊಮ್ಯಾಟೊ ಪೇಸ್ಟನ್ನು ಆಲಿವ್ ಎಣ್ಣೆಯ ಜೊತೆ ಹತ್ತು ವಾರ ತಿಂದವರ ಚರ್ಮ ನೇರಳಾತೀತ ಕಿರಣಕ್ಕೆ ಕೆಂಪಾಗುವುದು ಶೇ 40ರಷ್ಟು ತಗ್ಗಿತು. ಗಮನಿಸಿ, ತಿಂದದ್ದು ಪೇಸ್ಟು, ಜೊತೆಗೆ ಎಣ್ಣೆ, ಊಟದ ರೂಪದಲ್ಲಿ. ಮಾತ್ರೆ ಅಲ್ಲ.

ಮಾತ್ರೆ ಎಂದ ಕೂಡಲೇ ನಿಮ್ಮ ಸೋದರಿಯ ಕಥೆ ಹೇಳಲೇಬೇಕು. ಬೀಟಾ ಕ್ಯಾರೋಟೀನ್ ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಆಕೆಗೂ ಒಂದು ಕಾಲದಲ್ಲಿ ಇದೇ ಥರ ಮೆರವಣಿಗೆ ಆಗಿತ್ತು. ಫಿನ್ಲೆಂಡಿನಲ್ಲಿ 29,133 ಮಂದಿ ಸಿಗರೇಟು ಸೇದುವ ಗಂಡಸರನ್ನು ಹಿಡಿದು, ಗುಂಪು ಮಾಡಿ, ಕೆಲವರಿಗೆ ಆಕೆಯನ್ನು ಗುಳಿಗೆಯಾಗಿ ನುಂಗಿಸಿದರು. 1994ರಲ್ಲಿ ಫಲ ಬಂತು: ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು. ಅಮೆರಿಕದಲ್ಲಿ ನಡೆಯುತ್ತಿದ್ದ ಅಂಥದ್ದೇ ಪ್ರಯೋಗವನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು, ಅಲ್ಲಿ ಶೇ 28 ಹೆಚ್ಚಾಗಿತ್ತು. ಕ್ಯಾರೆಟ್ಟಿನಲ್ಲಿದ್ದಾಗ ಸಾಧ್ವಿಯಾಗಿದ್ದವಳು ಡಬ್ಬಿಗೆ ಬಂದ ಮೇಲೆ ಬೇರೆಯೇ ಆದಳು. ನೀವು ಹಾಗೆ ಮಾಡಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಮನೆತನದ ಇತಿಹಾಸ ನೆನಪಿಸಿದೆ, ಅಷ್ಟೇ. ಅತಿಯಾದರೆ ನೀವೇನು ಮಾಡುತ್ತೀರಿ ಎಂಬುದೂ ದಾಖಲಾಗಿದೆ. ವರ್ಷಗಟ್ಟಲೆ ದಿನಕ್ಕೆ ಎರಡು ಲೀಟರಿನಷ್ಟು ಟೊಮ್ಯಾಟೊ ರಸ ಕುಡಿದ ಅಮೆರಿಕದ ಹೆಂಗಸೊಬ್ಬರ ಮೈಯೇ ಕಿತ್ತಳೆ ಬಣ್ಣಕ್ಕೆ ತಿರುಗಿ, 1960ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ರಸ ಬಿಟ್ಟರು, ಬಣ್ಣವೂ ಬಿಟ್ಟಿತು.

ಈಗ ನಮ್ಮ ಬೀದಿಗೆ ಬರೋಣ. ಸುಸ್ತು ಎಂದು ಹೋದವರಿಗೆಲ್ಲ ಇಲ್ಲೊಂದು ಔಷಧಿ ಅಂಗಡಿಯಾತ ನಿಮ್ಮ ಹೆಸರಿನ ಸಿರಪ್ಪು ಕೊಡುತ್ತಾನೆ. ಕೈಮುರಿದವರಿಗೂ ಕೊಟ್ಟದ್ದನ್ನು ನೋಡಿದ್ದೇನೆ. ಬಾಟಲಿ ಈಗ ನನ್ನ ಮುಂದಿದೆ, 200 ಮಿ.ಲೀ. ಲೇಬಲ್ಲಿನಲ್ಲಿ ಟೊಮ್ಯಾಟೊ ಚಿತ್ರ, ಮೇಲೆ ಇಬ್ಬನಿ ಕೂತಿದೆ. ಹಿಂಬದಿಯ ಇರುವೆ ಅಕ್ಷರಗಳನ್ನು ಭೂತಗನ್ನಡಿ ಇಟ್ಟು ಓದಿದೆ: 5 ಮಿ.ಲೀ.ಗೆ ‘ಲೈಕೊಪೀನ್ ಶೇ 6, 1000 ಮೈಕ್ರೊಗ್ರಾಂ’. ಸಾವಿರ ಎಂದರೆ ದೊಡ್ಡ ಸಂಖ್ಯೆ, ಮೈಕ್ರೊ ಎಂದರೆ ಏನೋ ವಿಜ್ಞಾನ, ಆದ್ದರಿಂದ ಗಿರಾಕಿ ಅಲ್ಲಿಗೇ ಕೈಮುಗಿಯುತ್ತಾನೆ. ಸಾವಿರ ಮೈಕ್ರೊಗ್ರಾಂ ಎಂದರೆ ಒಂದು ಮಿಲಿಗ್ರಾಂ. 100 ಗ್ರಾಂ ಹಸಿ ಟೊಮ್ಯಾಟೊದಲ್ಲಿ ನೀವು ಎರಡೂವರೆ ಮಿಲಿಗ್ರಾಮಿಗೂ ತುಸು ಹೆಚ್ಚೇ ಇರುತ್ತೀರಿ. ಅಂದರೆ ಚಮಚದಲ್ಲಿರುವುದು ಅರ್ಧ ಟೊಮ್ಯಾಟೊಕ್ಕಿಂತ ಕಡಿಮೆ. ಆ ‘ಶೇ 6’ ಎಂಬುದನ್ನು ಅಕ್ಷರಶಃ ನಂಬಿ ನೂರರಲ್ಲಿ ಆರು ಪಾಲು ಮಾತ್ರ ನೀವು, ಉಳಿದದ್ದು ಸಹಾಯಕ ಸಿಬ್ಬಂದಿ ಎಂದು ಹಿಡಿದರೆ, ಇಡೀ ಬಾಟಲಿಗೆ ಲೆಕ್ಕ ಬರುವುದು ಒಂದೇ ಒಂದು ಟೊಮ್ಯಾಟೊ. ಕೆಳಗಡೆ ಇನ್ನೊಂದು ಸಾಲಿದೆ: ಬಣ್ಣ, ಕಾರ್ಮೊಯ್ಸಿನ್. ಅದು ಕಾರ್ಖಾನೆಯಲ್ಲಿ ತಯಾರಾಗುವ ಕೆಂಪು. ಕೆಂಪು ಬಣ್ಣವೇ ಆಗಿರುವ ತಮ್ಮನ್ನು ಮಾರಲು ಬೇರೆ ಕೆಂಪು ಬಣ್ಣ ಸುರಿಯಬೇಕಾಗಿ ಬಂತಲ್ಲ, ಮಾನ್ಯರೇ, ಇದರ ಬಗ್ಗೆ ತಮಗೆ ಏನೂ ಅನ್ನಿಸಲಿಲ್ಲವೇ?

ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಹಳೆಯ ಚಾಳಿ ನಿಮ್ಮ ನೆರವಿಗೆ ಬಂದಿದೆ. ಗೊಜ್ಜು ಮಾಡುವ ಹೊತ್ತಿಗೆ ಬಾಣಲೆಯ ಮುಂದೆ ಒಮ್ಮೆ ನಿಂತು ನೋಡಿ. ಎಣ್ಣೆ ಕಾದು, ಸಾಸಿವೆ ಸಿಡಿದು, ಕರಿಬೇವು ಬಿದ್ದು, ಹೆಚ್ಚಿದ ಟೊಮ್ಯಾಟೊ ಬಿದ್ದಾಗ ಮೊದಲು ಬರೀ ನೀರು. ಸಣ್ಣ ಉರಿಯಲ್ಲಿ ಬಿಟ್ಟರೆ ಸಿಪ್ಪೆ ಸುರುಳಿ ಸುತ್ತಿ ಬಿಡಿಸಿಕೊಳ್ಳುತ್ತದೆ, ತಿರುಳು ಕರಗಿ ಮುದ್ದೆಯಾಗುತ್ತದೆ, ಆಮೇಲೆ ಅಂಚಿನಲ್ಲಿ ಎಣ್ಣೆ ಒಡೆದು ನಿಲ್ಲುತ್ತದೆ. ಹಾಕುವಾಗ ಅದು ತಿಳಿಹಳದಿ ಇತ್ತು, ಈಗ ಕೆಂಗಿತ್ತಳೆ. ಆ ಬಣ್ಣ ನೀವೇ, ಹರಳು ಬಿಟ್ಟು ಎಣ್ಣೆಗೆ ಇಳಿದು ಬಂದಿರುವುದು. ಬಿಸಿಗೆ ನಿಮ್ಮ ನೆಟ್ಟಗಿನ ಸರಪಳಿ ಅಲ್ಲಲ್ಲಿ ಬಾಗುತ್ತದೆ, ಬಾಗಿದ ಮೇಲೆ ಕರುಳಿಗೆ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುವುದು ಸುಲಭ. 1997ರ ಒಂದು ಪ್ರಯೋಗದಲ್ಲಿ ಅಷ್ಟೇ ಪ್ರಮಾಣದ ಲೈಕೊಪೀನನ್ನು ಹಸಿ ಹಣ್ಣಿಗಿಂತ ಪೇಸ್ಟಿನ ರೂಪದಲ್ಲಿ ಕೊಟ್ಟಾಗ ರಕ್ತದಲ್ಲಿ ಎರಡೂವರೆ ಪಟ್ಟು ಏರಿತು. 2002ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು 88 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ ನೋಡಿದರು, ಸಿ ವಿಟಮಿನ್ ಸುಮಾರು ಶೇ 29 ನಷ್ಟವಾಯಿತು, ನೀವು ಮಾತ್ರ ಹೆಚ್ಚು ಹೆಚ್ಚಾಗಿ ಹೊರಬಂದಿರಿ. 2004ರಲ್ಲಿ ಅಮೆರಿಕದಲ್ಲಿ ಜಿಡ್ಡಿಲ್ಲದ ಡ್ರೆಸ್ಸಿಂಗ್ ಹಾಕಿದ ಸಲಾಡ್ ತಿಂದವರ ರಕ್ತಕ್ಕೆ ನೀವು ಹೆಚ್ಚೂಕಡಿಮೆ ಹೋಗಲೇ ಇಲ್ಲ. ತೂಕ ಇಳಿಸಬೇಕೆಂದು ಒಗ್ಗರಣೆ ಬಿಟ್ಟು ಹಸಿ ಟೊಮ್ಯಾಟೊ ಬಿಲ್ಲೆ ಅಗಿಯುವ ನಮ್ಮ ಸಾಫ್ಟ್‌ವೇರ್ ಹುಡುಗರು, ಸಂಜೆ ಹೋಗಿ ನಿಮ್ಮ ಗುಳಿಗೆ ಕೊಳ್ಳುತ್ತಾರೆ. ಅಜ್ಜಿಯರು ಕೊತಕೊತ ಕುದಿಸಿ ತುಪ್ಪದ ಒಗ್ಗರಣೆ ಕೊಟ್ಟ ಸಾರಿಗೆ ಯಾವ ಪ್ರಾಧಿಕಾರದ ಮುದ್ರೆಯೂ ಇರಲಿಲ್ಲ. ಅವರಿಗೆ ಅದು ರುಚಿಗೆ, ಅಷ್ಟೇ. (ಇನ್ನೂ ಹಿಂದಿನ ಅಜ್ಜಿಯರು ತಮ್ಮನ್ನು ಪರದೇಶದ ಹಣ್ಣೆಂದು ಒಲೆಯ ಹತ್ತಿರಕ್ಕೇ ಸೇರಿಸುತ್ತಿರಲಿಲ್ಲ, ಶ್ರಾದ್ಧದ ಅಡುಗೆಯಲ್ಲಿ ಈಗಲೂ ಅನೇಕರು ಸೇರಿಸುವುದಿಲ್ಲ. ಆ ಅವಮಾನವನ್ನು ತಾವು ಮನಸ್ಸಿನಲ್ಲಿಟ್ಟುಕೊಂಡಿಲ್ಲವೆಂದು ಭಾವಿಸುತ್ತೇನೆ.) ಆ ಸಾರನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಆಫೀಸಿಗೆ ಒಯ್ದರೆ ಎಷ್ಟು ತಿಕ್ಕಿದರೂ ಹೋಗದ ಕಿತ್ತಳೆ ಕಲೆ ಉಳಿಯುತ್ತದಲ್ಲ, ಅದೂ ತಮ್ಮದೇ. ಜಿಡ್ಡಿನ ನಂಟರಾದ್ದರಿಂದ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತೀರಿ. ಒಂದೆರಡು ದಿನ ಬಿಸಿಲಿಗೆ ಇಟ್ಟರೆ ಮಾಯ.

ಒಲೆಯೇ ಹಚ್ಚಲಾರದವರಿಗೆ ಕಲ್ಲಂಗಡಿ ಇದೆ. 100 ಗ್ರಾಮಿಗೆ ಸುಮಾರು ನಾಲ್ಕೂವರೆ ಮಿಲಿಗ್ರಾಂ, ಹಸಿ ಟೊಮ್ಯಾಟೊಗಿಂತ ಹೆಚ್ಚು, ಬೇಯಿಸದೆಯೂ ಮೈಗೆ ಹತ್ತುತ್ತದೆ. ಕೆಂಪು ಸೀಬೆ ಅದಕ್ಕೂ ಮೇಲು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ‘ಅರ್ಕಾ ಕಿರಣ್’ ಎಂಬ ಸೀಬೆ ತಳಿಯನ್ನೇ ನಿಮಗಾಗಿ ಕೊಟ್ಟಿದೆ, ಅದರಲ್ಲಿ ನೀವು 100 ಗ್ರಾಮಿಗೆ ಸುಮಾರು 7 ಮಿಲಿಗ್ರಾಂ. ಶಾಲೆ ಮುಂದೆ ಉಪ್ಪು ಖಾರ ಹಚ್ಚಿ ಮಾರುವ ಸೀಬೆ ಹೋಳಿಗೆ ‘ಲೈಕೊಪೀನ್ ಸಮೃದ್ಧ’ ಎಂಬ ಬೋರ್ಡು ಇಲ್ಲದಿರುವುದರಿಂದ ತಾಯಂದಿರು ಮಕ್ಕಳನ್ನು ಅತ್ತ ಹೋಗಗೊಡುವುದಿಲ್ಲ.

ನಿಮ್ಮ ಹೆಸರಿನ ಭರಾಟೆಯಲ್ಲಿ ಕೆಂಪಾದದ್ದೆಲ್ಲ ನೀವೇ ಎಂಬ ಭ್ರಮೆ ಹಬ್ಬಿರುವುದು ಇನ್ನೊಂದು ದೂರು. ದಾಳಿಂಬೆಯಲ್ಲಿ, ಕರಾವಳಿಯ ಪುನರ್ಪುಳಿಯಲ್ಲಿ ಇರುವುದು ಸ್ಟ್ರಾಬೆರಿಯ ಮನೆತನದವರು. ಬೀಟ್‌ರೂಟಿನದು ಮೂರನೆಯದೇ ಒಂದು ಕುಲ, ಬೀಟಲೈನ್. ಗೋಬಿ ಮಂಚೂರಿಯ ಕೆಂಪಂತೂ ಯಾವ ಗಿಡದ್ದೂ ಅಲ್ಲ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಕೃತಕ ಬಣ್ಣದವು ಎಂದು ಹೇಳಿ ಅಂಥ ಬಣ್ಣಗಳನ್ನು ನಿಷೇಧಿಸಿತು. ನಿಷೇಧದ ಪಟ್ಟಿಯಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಕೂಡ ಇತ್ತು. ಜನಕ್ಕೆ ಬೇಕಾದದ್ದು ಕೆಂಪು, ಅದು ಯಾರ ಕೆಂಪು ಎಂದು ಕೇಳುವವರಿಲ್ಲ. ಈ ರುಚಿ ಬೆಳೆಸಿದ್ದರಲ್ಲಿ ತಮ್ಮದೂ ಒಂದು ಪಾಲಿದೆ.

ಕೊನೆಗೆ ಕೋಲಾರದ ವಿಷಯ. ಅಲ್ಲಿಯ ಎಪಿಎಂಸಿ ಅಂಗಳದಲ್ಲಿ ನಿಮ್ಮಷ್ಟು ದೊಡ್ಡ ಸಂಖ್ಯೆಯಲ್ಲಿ ಯಾರೂ ಸೇರುವುದಿಲ್ಲ. 2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದಾಗ ರೈತರು ರಾತ್ರಿಯೆಲ್ಲ ಹೊಲ ಕಾದರು, ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಹಣ್ಣು ಕಳುವಾಯಿತು, ಪೊಲೀಸರು ಟೊಮ್ಯಾಟೊ ಹುಡುಕಿಕೊಂಡು ಹೊರಟರು. ಬೆಲೆ ಬಿದ್ದ ವರ್ಷ ಕಿತ್ತ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ಒಂದು ಬಾಕ್ಸಿನಲ್ಲಿ ನೀವು ಹತ್ತಿರ ಹತ್ತಿರ 390 ಮಿಲಿಗ್ರಾಂ ಇರುತ್ತೀರಿ. ಸಿರಪ್ಪಿನ ಲೇಬಲ್ಲನ್ನು ಉದಾರವಾಗಿ ಓದಿದರೂ ಹತ್ತು ಬಾಟಲಿ, ಜಿಪುಣತನದಿಂದ ಓದಿದರೆ ನೂರೈವತ್ತಕ್ಕೂ ಮೇಲೆ. ಬಾಟಲಿಯ ಬೆಲೆ ಮಾತ್ರ 2023ರಲ್ಲೂ ಏರಲಿಲ್ಲ, ಹಣ್ಣು ಬೀದಿಗೆ ಬಿದ್ದಾಗಲೂ ಇಳಿಯಲಿಲ್ಲ. ಒಳಗೆ ಟೊಮ್ಯಾಟೊ ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಯೋಗಾಲಯದ ವರದಿ ನನಗೆ ಬೇಕಿಲ್ಲ.

ಆದ್ದರಿಂದ ತಮ್ಮಲ್ಲಿ ಕೇಳುವುದಿಷ್ಟು: ಮುಂದಿನ ಸನ್ಮಾನಕ್ಕೆ ಕರೆ ಬಂದಾಗ ಬಾಟಲಿಯಲ್ಲಿ ಕೂತು ಹೋಗಬೇಡಿ, ಬಾಕ್ಸಿನಲ್ಲಿ ಕೂತು ಹೋಗಿ. ಶಾಲು ಒಂದೇ ಇದ್ದರೆ ಬೆಳೆದವನಿಗೆ ಹೊದಿಸಲು ಹೇಳಿ.

ಈ ಪತ್ರದ ಪ್ರತಿಗಳನ್ನು ಮಾಹಿತಿಗಾಗಿ ಬೀಟಾ ಕ್ಯಾರೋಟೀನ್ ಅವರಿಗೂ, ಸಾಂತ್ವನಕ್ಕಾಗಿ ಸ್ಟ್ರಾಬೆರಿಗೂ, ಅಭಿನಂದನೆಯೊಂದಿಗೆ ಟೊಮ್ಯಾಟೊದ ನೀರಿನಂಶಕ್ಕೂ ಕಳುಹಿಸಲಾಗಿದೆ. ಪಿಜ್ಜಾಕ್ಕೆ ಕಳುಹಿಸಿಲ್ಲ. ಅದಕ್ಕೆ ಈಗಾಗಲೇ ಬೇಕಾದಷ್ಟು ಪ್ರಚಾರವಿದೆ.

ಇಂತಿ ತಮ್ಮ,
ದಿನಕ್ಕೆರಡು ಚಮಚ ಕುಡಿಯಲು ಒಪ್ಪದ ಒಬ್ಬ ಗಿರಾಕಿ